ಸುಗುಣಕ್ಕನ ಕುತ್ತಿಗೆ, ರಘುರಾಮರ ದಿಂಬು

ಸುಗುಣಕ್ಕನ ಬಾಯಿಂದಲೇ ಕೇಳುವುದಾದರೆ, ಅವಳ ಕುತ್ತಿಗೆ ಒಂದು ಕಾಲದಲ್ಲಿ ಗೂಬೆಯ ಕುತ್ತಿಗೆಯ ಹಾಗೆ ಸುತ್ತಲೂ ತಿರುಗುತ್ತಿತ್ತು. ದೂರದ ಬಂಗಾಳದಲ್ಲಿ, ಲೇಕ್ ಮಾರ್ಕೆಟ್ಟಿನ ಹಿಂದಿನ ಗಲ್ಲಿಯಲ್ಲಿ ಗಂಡ ರಘುರಾಮರ ಜೊತೆ ಉಡುಪಿ ಹೋಟೆಲು ನಡೆಸುತ್ತಿದ್ದಾಗ, ಕಾವಲಿಯ ಮುಂದೆ ನಿಂತವಳು ಎದುರಿಗಿದ್ದ ದೋಸೆಯನ್ನೂ ನೋಡುತ್ತಿದ್ದಳಂತೆ, ಬೆನ್ನ ಹಿಂದೆ ಕೈ ತೊಳೆಯದೆ ಊಟಕ್ಕೆ ಕೂತ ಗಿರಾಕಿಯನ್ನೂ ನೋಡುತ್ತಿದ್ದಳಂತೆ.

"ಕಾಲು ಕದಲ್ಲಿಕ್ಕಿಲ್ಲ, ಸೊಂಟ ತಿರುಗ್ಲಿಕ್ಕಿಲ್ಲ. ಕುತ್ತಿಗೆ ಮಾತ್ರ ಗಿರ್ರ್ ಅಂತ ಒಂದು ಸುತ್ತು ಹೋಗಿ ಬರ್ತಿತ್ತು. ನೋಡಿದವರು ಎಷ್ಟೋ ಜನ ಹೆದರಿ ಊಟ ಬಿಟ್ಟು ಓಡಿದ್ದುಂಟು."

ಕೇಳಿದವರು ನಕ್ಕರೆ ಅವಳೂ ನಗುತ್ತಿದ್ದಳು. "ಅರ್ಧ ಸುಳ್ಳು, ಅರ್ಧ ನಿಜ. ಯಾವ ಅರ್ಧ ಅಂತ ಮಾತ್ರ ಕೇಳ್ಬೇಡಿ. ನಂಗೇ ಮರ್ತುಹೋಗಿದೆ."

ಅದೇ ಕುತ್ತಿಗೆ ಈಗ ತುಕ್ಕು ಹಿಡಿದ ಬೀಗದಂತಾಗಿತ್ತು. ಎಡಕ್ಕೆ ಸ್ವಲ್ಪ ತಿರುಗೀತು, ಬಲಕ್ಕೆ ಸುತರಾಂ ಇಲ್ಲ. ಬಾಗಿಲಲ್ಲಿ ಯಾರಾದರೂ ಕರೆದರೆ ಸುಗುಣಕ್ಕ ಇಡೀ ಮೈಯನ್ನೇ ತಿರುಗಿಸಬೇಕು, ನಾಲ್ಕು ಜನ ಸೇರಿ ಕಪಾಟು ಸರಿಸಿದ ಹಾಗೆ. ನೋವು ಕಿವಿಯ ಹಿಂದಿನಿಂದ ಹೊರಟು, ಹೆಗಲಿಗೆ ಇಳಿದು, ಬೆನ್ನಿನ ರೆಕ್ಕೆಯ ಮೂಳೆಯ ಹತ್ತಿರ ಚಾಪೆ ಹಾಸಿಕೊಂಡು ಮಲಗುತ್ತಿತ್ತು.

ರಘುರಾಮರು ತೀರಿಹೋಗಿದ್ದರು. ಹೋಟೆಲು ಮುಚ್ಚಿ, ಆ ಜಾಗದಲ್ಲಿ ಈಗ ಮೊಬೈಲಿಗೆ ಅಂಗಿ ತೊಡಿಸುವ ಅಂಗಡಿ. ಸುಗುಣಕ್ಕನಿಗೆ ಉಳಿದದ್ದು ಮೇಲಿನ ಒಂದು ಕೋಣೆ, ಒಂದು ಗ್ರೈಂಡರು. ಮಕ್ಕಳಿಲ್ಲ. ದಿನಾ ದೋಸೆ ಹಿಟ್ಟು ಅರೆದು ಗಲ್ಲಿಯವರಿಗೆ ಮಾರುತ್ತಿದ್ದಳು. ಸಂಜೆಯಾದರೆ ಒಬ್ಬೊಬ್ಬರೇ ಡಬ್ಬಿ ಹಿಡಿದು ಮೆಟ್ಟಿಲು ಹತ್ತುತ್ತಿದ್ದರು. "ಮಾಶಿಮಾ, ಹಿಟ್ಟು!" ಎಂದು ಬಂಗಾಳಿಯಲ್ಲಿ ಚಿಕ್ಕಮ್ಮನನ್ನು ಕರೆದ ಹಾಗೆ ಕರೆಯುವುದು, ಹಾಕಿಸಿಕೊಳ್ಳುವುದು, ಇಳಿಯುವುದು. ದಿನವಿಡೀ ಅವಳ ಕಿವಿಗೆ ಬೀಳುತ್ತಿದ್ದ ಮನುಷ್ಯರ ಮಾತು ಅಷ್ಟೇ. ಉಳಿದ ಹೊತ್ತೆಲ್ಲ ಗ್ರೈಂಡರಿನ ಗುರ್ರ್. ಗ್ರೈಂಡರು ನಿಂತ ಮೇಲೆ ಅದೂ ಇಲ್ಲ.

ಮೊದಲು ಹಾಗಿರಲಿಲ್ಲ. ದಿನದ ಕೆಲಸ ಮುಗಿದು ಹಾಸಿಗೆಗೆ ಬಿದ್ದ ಮೇಲೆ ರಘುರಾಮರು ಒಂದು ಪ್ರಶ್ನೆ ಕೇಳುತ್ತಿದ್ದರು.

"ಸುಗುಣಾ, ಹಿಟ್ಟಿಗೆ ಉಪ್ಪು ಹಾಕಿದ್ಯಾ?"

"ಹಾಕಿದ್ದೇನೆ, ಮಲಗಿ."

ಮದುವೆಯಾದಂದಿನಿಂದ ಅದೇ ಪ್ರಶ್ನೆ, ಅದೇ ಉತ್ತರ. ಒಮ್ಮೆ ಜಗಳವಾಗಿ ಇಬ್ಬರೂ ಬೆಳಗ್ಗಿನಿಂದ ಮಾತು ಬಿಟ್ಟಿದ್ದರು. ದೀಪ ಆರಿಸಿದ ಮೇಲೆ ಕತ್ತಲಲ್ಲಿ ಗಂಟಲು ಸರಿಮಾಡಿಕೊಂಡ ಸದ್ದು: "ಉಪ್ಪು ಹಾಕಿದ್ಯಾ?" ಅಲ್ಲಿಗೆ ಜಗಳ ಮುಗಿಯಿತು. ಈಗ ಕೇಳುವವರಿಲ್ಲ. ಹಾಗಾಗಿ ಸುಗುಣಕ್ಕನಿಗೆ ಹಾಕಿದ ನೆನಪೇ ನಿಲ್ಲುತ್ತಿರಲಿಲ್ಲ. ಎದ್ದು ಮತ್ತೊಮ್ಮೆ ಹಾಕಿಬಿಡುತ್ತಿದ್ದಳು. ಮಾರನೇ ದಿನ ಗಿರಾಕಿಗಳ ದೂರು: "ಮಾಶಿಮಾ, ನೂನ್ ಬೇಶಿ!" ಉಪ್ಪು ಜಾಸ್ತಿಯಾಯಿತಂತೆ.

"ಸಮುದ್ರದ ಊರಿನವಳು ನಾನು. ಇಷ್ಟಾದ್ರೂ ಇರ್ಬೇಡ್ವಾ?" ಎಂದು ಸುಗುಣಕ್ಕ ಅವರ ಬಾಯಿ ಮುಚ್ಚಿಸುತ್ತಿದ್ದಳು.

ಒಂದು ದಿನ ಉದ್ದಿನ ಬೇಳೆ ತರಲು ಹೊರಟಿದ್ದಳು. ರಸ್ತೆ ದಾಟುವಾಗ ಬಲಗಡೆ ನೋಡಲು ಕುತ್ತಿಗೆ ಒಪ್ಪಲಿಲ್ಲ. ಏನಾಗುತ್ತದೆ ಎಂದು ಹೆಜ್ಜೆ ಇಟ್ಟೇಬಿಟ್ಟಳು. ಆಟೋ ಒಂದು ಕಿರ್‍ರೆಂದು ಅವಳ ಸೆರಗಿಗೆ ತಾಗುವಷ್ಟು ಹತ್ತಿರ ಬಂದು ನಿಂತಿತು. ಡ್ರೈವರು ಬೈದ, ಅವಳು ಅದಕ್ಕೆ ಎರಡು ಪಟ್ಟು ಬೈದಳು. ಆದರೆ ಬೇಳೆ ತರದೆಯೇ ಮನೆಗೆ ತಿರುಗಿದಳು. ಆಮೇಲೆ ಅವಳು ಬೇಳೆಯನ್ನು ಅಂಗಡಿಯವನ ಕೈಯಲ್ಲೇ ಮನೆಗೆ ತರಿಸಿಕೊಳ್ಳತೊಡಗಿದಳು. ಹೊರಗೆ ಹೋಗುವುದು ನಿಂತಿತು. ಕನ್ನಡದ ಹೆಂಗಸರ ತಿಂಗಳ ಕೂಟಕ್ಕೂ ಹೋಗಲಿಲ್ಲ.

ಅವಳು ಬರಲಿಲ್ಲವೆಂದು ಹುಡುಕಿಕೊಂಡು ಬಂದವಳು ವಂದನಾ. ಧಾರವಾಡದ ಕಡೆಯವಳು, ಎದುರು ಮನೆಯವಳು, ಗಂಡನಿಗೆ ರೈಲ್ವೆಯಲ್ಲಿ ಕೆಲಸ.

"ಯಾಕ್ರೀ ಸುಗುಣಕ್ಕಾ, ಕೂಟಕ್ಕ ಬರ್ಲೇ ಇಲ್ಲ? ನೀವಿಲ್ಲದ ನಗೋರೇ ಇಲ್ಲ ಅಲ್ಲಿ."

"ಬಂದು ಎಂತ ಮಾಡುದು ಮಾರಾಯ್ತಿ? ಬಲಗಡೆ ಕೂತವರು ಮಾತಾಡಿಸಿದ್ರೆ ನಾನು ಕುರ್ಚಿ ಸಮೇತ ತಿರುಗ್ಬೇಕು."

"ಡಾಕ್ಟರಿಗೆ ತೋರಸ್ರಿ ಮತ್ತ."

"ಡಾಕ್ಟ್ರು ಎಂತಕ್ಕೆ? ನೀನು ಕಾಲು ಮುಂದಾಗಿ ಹುಟ್ಟಿದವಳು ಅಂತ ಹೇಳಿದ್ದೆ ಅಲ್ವಾ? ನಮ್ಮಲ್ಲಿ ಅಂಥವರ ಕಾಲು ತಾಗಿದ್ರೆ ಉಳುಕು ಬಿಡ್ತದೆ ಅಂತ ಉಂಟು. ಒಂದು ಸಲ ಒದ್ದುಬಿಡು, ನೋಡುವಾ."

"ನಿಮಗ ಒದೀಬೇಕು ಅಂತ ಎಷ್ಟೋ ಸಲ ಮನಸ್ಸಿನಾಗ ಬಂದೈತಿ ಬಿಡ್ರಿ. ಆದ್ರ ಅದು ಕುತಗಿ ಸಲುವಾಗಿ ಅಲ್ಲ."

ಸುಗುಣಕ್ಕ ಬಿಡಲಿಲ್ಲ. ಮಣೆ ಹಾಕಿ ಬೆನ್ನು ಕೊಟ್ಟು ಕೂತೇಬಿಟ್ಟಳು. ವಂದನಾ ದೇವರನ್ನು ನೆನೆದು ಹೆಬ್ಬೆರಳನ್ನು ಮೆತ್ತಗೆ ಹೆಗಲಿಗೆ ತಾಗಿಸಿದಳು. ಹಿರಿಯರಿಗೆ ಕಾಲು ತಾಗಿಸಿದ ಪಾಪಕ್ಕೆ ತಕ್ಷಣ ಕಾಲಿಗೆ ಬಿದ್ದಳು. ನೋವು ಇದ್ದಲ್ಲೇ ಇತ್ತು.

"ನಿನ್ನ ಅಮ್ಮ ಸುಳ್ಳು ಹೇಳಿದ್ದಾಳೆ. ನೀನು ಎಲ್ಲರ ಹಾಗೆ ತಲೆ ಮುಂದಾಗಿಯೇ ಹುಟ್ಟಿದ್ದು," ಎಂದಳು ಸುಗುಣಕ್ಕ.

ನಗು ಅಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಸುಗುಣಕ್ಕ ಮಾರನೇ ದಿನ ಯಾರಿಗೂ ಹೇಳದೆ ಒಬ್ಬ ಮಾಲೀಶಿನವಳನ್ನು ಕರೆಸಿದಳು. ಬಾಣಂತಿಯರಿಗೆ ಎಣ್ಣೆ ತಿಕ್ಕುವವಳು ಅವಳು. ತಿಕ್ಕುವ ತನಕ ಹಿತವಾಗಿಯೇ ಇತ್ತು. ಆಮೇಲೆ ಅವಳು ಒಂದು ಕೈಯಲ್ಲಿ ಗದ್ದ, ಇನ್ನೊಂದರಲ್ಲಿ ತಲೆ ಹಿಡಿದು ಒಮ್ಮೆಲೇ ತಿರುಚಿದಳು. ಕಟಕ್! ಸುಗುಣಕ್ಕನಿಗೆ ಕೋಣೆಯೇ ಒಂದು ಸುತ್ತು ತಿರುಗಿದಂತಾಯಿತು. ಗೋಡೆಯ ಮೇಲಿನ ಕ್ಯಾಲೆಂಡರು, ದೇವರ ಪಟ, ರಘುರಾಮರ ಫೋಟೋ ಎಲ್ಲವೂ ಮೆರವಣಿಗೆ ಹೊರಟವು.

ಸಂಜೆ ಡಬ್ಬಿ ತಂದ ವಂದನಾ ನೋಡಿದ್ದು, ಬಾಗಿಲ ಚೌಕಟ್ಟನ್ನು ತಬ್ಬಿ ಕೂತ ಸುಗುಣಕ್ಕನನ್ನು. ಮೊದಲ ಬಾರಿಗೆ ಅವಳ ಬಾಯಲ್ಲಿ ತಮಾಷೆ ಇರಲಿಲ್ಲ.

"ವಂದನಾ, ನಿನ್ನೆ ಊರಿಂದ ತಮ್ಮ ಫೋನು ಮಾಡಿದ್ದ. ಕೈಲಾಗದಿದ್ರೆ ಇಲ್ಲಿಗೇ ಬಾ, ಒಂದು ಮೂಲೆ ಉಂಟು ಅಂದ. ಒಳ್ಳೆಯವನೇ. ಆದ್ರೆ ಮೂಲೆ ಅಂದ ನೋಡು. ಗ್ರೈಂಡರಿನ ಕಲ್ಲು ಎತ್ಲಿಕ್ಕೆ ಆಗದಿದ್ರೆ ಈ ಕೋಣೆ ಬಿಡ್ಲೇಬೇಕು. ಅವರು ಇದ್ದ ಕೋಣೆ ಇದು."

ವಂದನಾ ಆಗಲೇ ಹೊರಡಿಸಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಡಾಕ್ಟರು ಎಲ್ಲ ಪರೀಕ್ಷೆ ಮಾಡಿ, ಸದ್ಯ ಅಪಾಯವೇನಿಲ್ಲ, ಆದರೆ ಇನ್ನು ಯಾರ ಕೈಗೂ ಹೀಗೆ ಕುತ್ತಿಗೆ ಕೊಡಬೇಡಿ ಎಂದು ಗದರಿದರು. ವಯಸ್ಸಿಗೆ ಕೀಲು ಸವೆದಿದೆ, ಸ್ನಾಯು ಬಿಗಿದಿದೆ, ಫಿಸಿಯೋಥೆರಪಿ ಮಾಡಿಸಿ ಎಂದರು.

"ಅಂದ್ರೆ ಕರೆಂಟು ಕೊಡುದಲ್ವಾ?" ದಾರಿಯಲ್ಲಿ ಸುಗುಣಕ್ಕ ಕೇಳಿದಳು. "ನಂಗೆ ಬೇಡ. ಗ್ರೈಂಡರಿಗೆ ಕೊಡುವ ಕರೆಂಟಿನ ಬಿಲ್ಲೇ ಸಾಕಾಗಿದೆ."

"ಕರೆಂಟಲ್ಲರೀ. ಕೈಲೆ ಮಾಡ್ತಾರ."

"ಕೈಯಲ್ಲಿ ಮಾಡಿದ್ದನ್ನು ಈಗಷ್ಟೇ ನೋಡಿ ಬಂದೆ. ಕೋಣೆಯೇ ತಿರುಗಿತು."

"ಅದು ತಿಳೀಲಾರದ ಕೈ. ಇದು ಓದಿ ಕಲ್ತ ಕೈ. ನಮ್ಮ ಭಾವನ ಮಗಳು ಪೂರ್ವಿ ಅದಾಳಲ್ಲ, ಅಲಿಪುರದ ಕಡೆ ಕ್ಲಿನಿಕ್‌ನ್ಯಾಗ ಇದೇ ಕೆಲಸ ಮಾಡ್ತಾಳ. ಒಂದು ಸಲ ಬರ್ರಿ. ಸೇರಲಿಲ್ಲಂದ್ರ ನಾನೇ ನಿಮಗ ಇನ್ನೊಮ್ಮೆ ಒದೀತೀನಿ."

ಪೂರ್ವಿ ಹುಟ್ಟಿ ಬೆಳೆದದ್ದು ಇದೇ ಊರಿನ ಗಾರ್ಡನ್ ರೀಚಿನ ಕ್ವಾರ್ಟರ್ಸಿನಲ್ಲಿ. ಕನ್ನಡ ಕೇಳಿದರೆ ತಿಳಿಯುತ್ತದೆ, ಆಡಲು ಹೊರಟರೆ ನಾಲ್ಕು ಭಾಷೆಯ ಕಿಚಡಿ. ನಗುಮುಖದ ಹುಡುಗಿ. ಸುಗುಣಕ್ಕ ಕಣ್ಣು ಮುಚ್ಚಿ ಮಂಚದ ಮೇಲೆ ಬಿಗಿಯಾಗಿ ಕೂತಿದ್ದಳು, ಈಗ ತಿರುಚುತ್ತಾಳೆ, ಇನ್ನೊಂದು ಗಳಿಗೆಗೆ ತಿರುಚುತ್ತಾಳೆ ಎಂದು. ಪೂರ್ವಿ ಮುಟ್ಟಲೇ ಇಲ್ಲ. ಮೊದಲು ಪ್ರಶ್ನೆ.

"ಅಜ್ಜಿ, ರೀಸೆಂಟಾಗಿ ಎಲ್ಲಾದ್ರೂ ಬಿದ್ದಿದ್ರಾ?"

"ಲೇಕ್ ಮಾರ್ಕೆಟ್ಟಿನಲ್ಲಿ ಬೀಳ್ಲಿಕ್ಕೆ ಜಾಗ ಎಲ್ಲುಂಟು ಮಗಾ? ನೂಕಿದ್ರೂ ಇನ್ನೊಬ್ಬರ ಮೇಲೆ ಒರಗಿ ನಿಲ್ತೇವೆ."

"ಕೈಯಲ್ಲಿ ಜೋಮು? ಶಕ್ತಿ ಕಮ್ಮಿ ಆಗಿದೆಯಾ? ನಡೀವಾಗ ಬ್ಯಾಲೆನ್ಸ್ ಹೋಗುತ್ತಾ? ಜ್ವರ? ಸುಮ್ಮಸುಮ್ಮನೆ ತೂಕ ಇಳೀತಾ?"

"ಶಕ್ತಿಯಾ? ಕೈ ಕೊಡು ಇಲ್ಲಿ," ಎಂದು ಸುಗುಣಕ್ಕ ಅವಳ ಬೆರಳು ಹಿಡಿದು ಹಿಂಡಿದಳು.

"ಆಯಿ ಮಾ! ಬಸ್ ಬಸ್, ಶಕ್ತಿ ಫುಲ್ ಇದೆ!" ಪೂರ್ವಿ ಬೆರಳಿಗೆ ಉಫ್ ಎಂದು ಗಾಳಿ ಊದುತ್ತ ನಕ್ಕಳು. "ಯಾಕೆ ಕೇಳ್ತೀನಿ ಗೊತ್ತಾ ಅಜ್ಜಿ? ಇದ್ರಲ್ಲಿ ಒಂದಿದ್ರೂ ನಾನು ಕೈ ಹಾಕೋದಿಲ್ಲ. ಸೀದಾ ಡಾಕ್ಟರ್ ಹತ್ರ ವಾಪಸ್ ಕಳಿಸ್ತೀನಿ. ಎಲ್ಲ ನೋವೂ ಉಜ್ಜೋ ನೋವಲ್ಲ."

ಆಮೇಲೆ ಸುಗುಣಕ್ಕನನ್ನು ಅಂಗಾತ ಮಲಗಿಸಿ, ತಲೆಯ ಕಡೆ ಕೂತು, ಎರಡೂ ಅಂಗೈಯನ್ನು ತಲೆಯ ಕೆಳಗೆ ಬೊಗಸೆಯ ಹಾಗೆ ಇಟ್ಟಳು.

"ತಲೆ ನನ್ನ ಕೈಗೆ ಕೊಟ್ಟುಬಿಡಿ ಅಜ್ಜಿ."

"ಕೊಟ್ಟಿದ್ದೇನಲ್ಲ."

"ಇಲ್ಲ, ಇನ್ನೂ ನೀವೇ ಹಿಡ್ಕೊಂಡಿದೀರಾ."

ಹೌದು. ಸುಗುಣಕ್ಕನಿಗೂ ಆಗ ತಿಳಿಯಿತು. ಮಲಗಿದರೂ ತಲೆಯನ್ನು ಅವಳೇ ಎತ್ತಿ ಹಿಡಿದಿದ್ದಳು. ಬಿಡಲು ಗೊತ್ತೇ ಇರಲಿಲ್ಲ. ಬಿಡಬೇಕಾದರೆ ಕೆಳಗೆ ಯಾರಾದರೂ ಹಿಡಿಯುವವರಿರಬೇಕಲ್ಲ. ಪೂರ್ವಿ ಅವಸರ ಮಾಡಲಿಲ್ಲ. ಕೈ ಬೆಚ್ಚಗಿತ್ತು, ಅಲ್ಲಾಡದೆ ಇತ್ತು. ನಿಧಾನಕ್ಕೆ, ಕಲ್ಲಿನ ಗುಂಡು ಮರಳಿನಲ್ಲಿ ಇಳಿಯುವ ಹಾಗೆ, ತಲೆಯ ಭಾರ ಆ ಕೈಗಳಿಗೆ ಇಳಿಯಿತು. ರಘುರಾಮರು ಹೋದ ಮೇಲೆ ಅವಳನ್ನು ಯಾರೂ ಹೀಗೆ ಹಿಡಿದಿರಲಿಲ್ಲ. ಹಿಟ್ಟಿನ ಡಬ್ಬಿ ಕೊಡುವಾಗ ಬೆರಳಿಗೆ ಬೆರಳು ತಾಗಿದ್ದು, ಬಸ್ಸಿನಲ್ಲಿ ಹೆಗಲಿಗೆ ಹೆಗಲು ತಾಗಿದ್ದು ಬಿಟ್ಟರೆ, ಇನ್ನೊಂದು ಜೀವದ ಸ್ಪರ್ಶವೇ ಇರಲಿಲ್ಲ. ಕಣ್ಣಿನ ತುದಿಯಿಂದ ನೀರು ಇಳಿದು ಕಿವಿಯೊಳಗೆ ಹೋಯಿತು.

"ನೋವಾಯ್ತಾ ಅಜ್ಜಿ?"

"ಇಲ್ಲ. ಎಣ್ಣೆ ಕಣ್ಣಿಗೆ ಹೋಯ್ತು."

ಪೂರ್ವಿ ಎಣ್ಣೆಯನ್ನೇ ಹಾಕಿರಲಿಲ್ಲ.

ಅವಳು ಬೆರಳ ತುದಿಯಲ್ಲಿ ಕುತ್ತಿಗೆಯ ಒಂದೊಂದೇ ಮೂಳೆಯ ಬದಿಯನ್ನು ಹುಡುಕಿ, ಮೆಲ್ಲಗೆ ಒತ್ತಿ ಬಿಟ್ಟು, ಒತ್ತಿ ಬಿಟ್ಟು ಮಾಡಿದಳು, ತೊಟ್ಟಿಲು ತೂಗಿದ ಹಾಗೆ. ಬಿಗಿದ ಸ್ನಾಯುವನ್ನು ಉಕ್ಕರಿಸಿದ ಹಿಟ್ಟಿನಂತೆ ನಾದಿದಳು. ಆಮೇಲೆ ಕೆನ್ನೆಗೆ ಅಂಗೈ ಇಟ್ಟು, "ಈಗ ಬಲಕ್ಕೆ ನನ್ನ ಕೈಯನ್ನ ಸ್ವಲ್ಪ ದಬ್ಬಿ. ಜೋರಾಗಿ ಅಲ್ಲ, ಬೆಕ್ಕಿನ ಮರೀನ ದಬ್ಬಿದ ಹಾಗೆ. ಹಾಂ, ಉಸಿರು ಬಿಡಿ, ಲೂಸ್ ಬಿಡಿ," ಎಂದಳು. ಬಿಟ್ಟ ಕೂಡಲೇ ಕುತ್ತಿಗೆ ತಾನಾಗಿ ಒಂದು ಚೂರು ಬಲಕ್ಕೆ ಹೋಯಿತು.

"ಕಟಕ್ ಯಾವಾಗ?" ಸುಗುಣಕ್ಕ ಕೇಳಿದಳು.

"ಕಟಕ್ ಇಲ್ಲವೇ ಇಲ್ಲ. ಸದ್ದು ಬಂದ್ರೆ ನೋವು ಹೋಯ್ತು ಅಂತ ಅರ್ಥ ಅಲ್ಲ. ಕುತ್ತಿಗೆ ಒಳಗೆ ತಲೆಗೆ ಹೋಗೋ ರಕ್ತನಾಳ ಇವೆ, ನರ ಇವೆ. ನಿಮ್ಮ ವಯಸ್ಸಲ್ಲಿ ಜೋರಾಗಿ ತಿರುಚಿದ್ರೆ ಡೇಂಜರ್."

"ಹಾಗಾದ್ರೆ ಇದು ಒಂದು ಸಲಕ್ಕೆ ಸರಿಯಾಗುದಿಲ್ವಾ?"

"ಇಲ್ಲ ಅಜ್ಜಿ, ಸುಳ್ಳು ಯಾಕೆ ಹೇಳ್ಲಿ? ನನ್ನ ಕೈ ಬಾಗಿಲು ತೆಗೀತದೆ ಅಷ್ಟೇ. ಒಳಗೆ ನಡೀಬೇಕಾದವರು ನೀವು. ದಿನಾ ವ್ಯಾಯಾಮ ಮಾಡ್ಬೇಕು. ಇಲ್ಲಾಂದ್ರೆ ಬಾಗಿಲು ಮತ್ತೆ ಮುಚ್ಕೊಳ್ತದೆ."

ಗದ್ದವನ್ನು ಒಳಗೆಳೆದು, ಹಿಂದೆ ಗೋಡೆಯಿದ್ದರೆ ಅದಕ್ಕೆ ತಲೆ ತಾಗಿಸುವ ಹಾಗೆ ಸರಿಸುವುದನ್ನು ಕಲಿಸಿದಳು. ಹೆಗಲ ಹಿಂದಿನ ಮೂಳೆಗಳನ್ನು ಒಂದಕ್ಕೊಂದು ಹತ್ತಿರ ತರುವುದನ್ನು ಕಲಿಸಿದಳು. ಹಿಟ್ಟಿನ ಪಾತ್ರೆಯನ್ನು ನೆಲದಿಂದ ಎತ್ತಿ ಮೇಜಿನ ಮೇಲಿಡಿ, ಕಲ್ಲನ್ನು ಒಬ್ಬರೇ ಎತ್ತಬೇಡಿ, ಸಂಜೆ ಬಂದ ಗಿರಾಕಿಯಿಂದಲೇ ಎತ್ತಿಸಿ ಎಂದಳು.

"ಮಲಗುವಾಗ ದಿಂಬು ಎಷ್ಟು?"

"ಒಂದು," ಎಂದಳು ಸುಗುಣಕ್ಕ. ತುಂಬ ಬೇಗ ಹೇಳಿದಳು.

ವಾರಗಳು ಕಳೆದವು. ಕ್ಲಿನಿಕ್ಕಿನಿಂದ ಬರುವಾಗ ಸುಗುಣಕ್ಕನ ಕುತ್ತಿಗೆ ಬಸ್ಸಿನ ಕಿಟಕಿಯಲ್ಲಿ ಎರಡೂ ಬದಿ ನೋಡುತ್ತಿತ್ತು. ಬೆಳಗಾಗೆದ್ದರೆ ಮತ್ತೆ ಬೀಗ. ಸಂಜೆ ತೆರೆದದ್ದು ಬೆಳಗ್ಗೆ ಮುಚ್ಚಿರುತ್ತಿತ್ತು. ಪೂರ್ವಿಗೆ ತಲೆಬಿಸಿಯಾಯಿತು. ವ್ಯಾಯಾಮ ಮಾಡುತ್ತೀರಾ? ಮಾಡುತ್ತೇನೆ. ಬಿಸಿನೀರಿನ ಶಾಖ? ಕೊಡುತ್ತೇನೆ. ಮತ್ತೆ ಯಾಕೆ?

"ನಿನ್ನ ಕೈಗುಣ ಸರಿಯಿಲ್ಲ ಮಗಾ. ಮದುವೆಯಾದ ಮೇಲೆ ಸರಿಯಾದೀತು," ಎಂದು ಸುಗುಣಕ್ಕ ತಮಾಷೆ ಮಾಡಿದಳು. ಆದರೆ ಕಣ್ಣು ಬೇರೆಲ್ಲೋ ಇತ್ತು.

ಒಂದು ರಜೆಯ ದಿನ ಪೂರ್ವಿ ಚಿಕ್ಕಮ್ಮ ವಂದನಾ ಜೊತೆ ಸುಗುಣಕ್ಕನ ಕೋಣೆಗೇ ಬಂದಳು. "ಹೇಗೆ ಮಲಗ್ತೀರಿ ತೋರಿಸಿ," ಎಂದಳು. ಅದು ಚಳಿಗಾಲ ಶುರುವಾಗುವ ಹೊತ್ತು. ಕೆಳಗೆ ಗಲ್ಲಿಯಲ್ಲಿ ಧುನುರಿ ಬಂದಿದ್ದ. ಹಳೇ ರಜಾಯಿ, ದಿಂಬು ಬಿಚ್ಚಿ ಹತ್ತಿ ಬಡಿದು ಹೊಸದಾಗಿ ಹೊಲಿದು ಕೊಡುವವನು. ಅವನ ಹತ್ತಿ ಬಡಿಯುವ ಬಿಲ್ಲಿನ ಸದ್ದು ಮೇಲಿನವರೆಗೂ ಕೇಳುತ್ತಿತ್ತು, ಟೊಂಯ್ ಟೊಂಯ್ ಎಂದು.

ಹಾಸಿಗೆಯ ಮೇಲೆ ದಿಂಬು ಒಂದಿರಲಿಲ್ಲ. ಎರಡಿದ್ದವು, ಒಂದರ ಮೇಲೊಂದು. ಕೆಳಗಿನದಕ್ಕೆ ತಲೆಯೆಣ್ಣೆಯ ಹಳೇ ಕಲೆ.

"ಇಷ್ಟೆತ್ತರದ ಮ್ಯಾಲೆ ಮಲಕೊಂಡ್ರ ಗದ್ದ ಎದಿಗೆ ಹತ್ತತೈತಿ!" ವಂದನಾ ಹಣೆ ಚಚ್ಚಿಕೊಂಡಳು. "ಈ ಕೆಳಗಿಂದು ನೋಡ್ರಿ, ಕಲ್ಲಾಗೈತಿ. ಹುಡುಗಿ ದಿನಾ ಸರಿ ಮಾಡೂದು, ನೀವು ದಿನಾ ಕೆಡಸೂದು! ತಡೀರಿ, ಧುನುರಿಗೆ ಕೊಟ್ಟುಬಿಡೂಣು, ಬಿಚ್ಚಿ ಬ್ಯಾರೆ ಏನರ ಮಾಡಲಿ." ಕಿಟಕಿಯಿಂದ ಬಾಗಿ ಅವನನ್ನು ಕರೆದೂ ಬಿಟ್ಟಳು. ತಿರುಗಿ ದಿಂಬಿಗೆ ಕೈ ಹಾಕಿದಳು.

ಸುಗುಣಕ್ಕ ಅದನ್ನು ಕಿತ್ತುಕೊಂಡಳು. ಎರಡೂ ಕೈಯಲ್ಲಿ ಎದೆಗೆ ಅವುಚಿಕೊಂಡು ಹಾಸಿಗೆಯ ಅಂಚಿಗೆ ಕುಸಿದು ಕೂತಳು.

"ಅದನ್ನು ಮುಟ್ಬೇಡ."

ಕೆಳಗಿನಿಂದ ಧುನುರಿ ಕೂಗಿದ, ಯಾಕೆ ಕರೆದಿರಿ ಎಂದು. ವಂದನಾ ಅವನಿಗೆ ಇರು ಎಂದು ಕೈಸನ್ನೆ ಮಾಡಿದಳು.

"ಅವರದ್ದು ಇದು," ಸುಗುಣಕ್ಕ ಹೇಳಿದಳು, ದಿಂಬಿನ ಮೂಲೆ ಸವರುತ್ತ. "ಬಲಗಡೆ ಅವರ ಜಾಗ. ಅವರು ಹೋದ ಮೇಲೆ ಅಲ್ಲೇ ಇಟ್ಟು ನೋಡಿದೆ. ದಿಂಬು ಉಂಟು, ತಲೆ ಇಲ್ಲ. ನೋಡ್ಲಿಕ್ಕಾಗುದಿಲ್ಲ ಮಾರಾಯ್ತಿ. ಟ್ರಂಕಿನಲ್ಲಿ ಇಟ್ಟೆ. ಅದರೊಳಗೆ ಉಸಿರು ಕಟ್ಟುತ್ತದೇನೋ ಅಂತ ನಂಗೇ ನಿದ್ದೆ ಇಲ್ಲ. ದಿಂಬಿಗೆ ಉಸಿರು! ಹುಚ್ಚು ಅಂತ ಗೊತ್ತುಂಟು. ಕಡೆಗೆ ನನ್ನ ತಲೆಯ ಕೆಳಗೆ ಇಟ್ಟೆ. ಅಲ್ಲಿ ಕಾಣುದೂ ಇಲ್ಲ, ದೂರವೂ ಅಲ್ಲ."

ವಂದನಾ ಸೆರಗಿನಿಂದ ಮೂಗು ಒರೆಸಿಕೊಂಡಳು. "ಮೊದಲ ಹೇಳಬಾರದೇನ್ರೀ ಅಕ್ಕಾ?"

"ಹೇಳಿದ್ರೆ ನೀವು ತೆಗೀರಿ ಅಂತೀರಿ. ಕುತ್ತಿಗೆ ನೋವಾದ್ರೂ ಇರ್ಲಿ, ದಿಂಬು ಇರ್ಲಿ ಅಂತ ಸುಮ್ಮನಾದೆ. ಈಗ ಕುತ್ತಿಗೆ ಸರಿಯಾಗದಿದ್ರೆ ಕೋಣೆ ಬಿಡ್ಬೇಕು. ದಿಂಬು ಬಿಡುದಾ, ಕೋಣೆ ಬಿಡುದಾ? ನೀವೇ ಹೇಳಿ."

ಪೂರ್ವಿ ಮಾತ್ರ ಅವಳು ಕೂತ ಭಂಗಿಯನ್ನೇ ನೋಡುತ್ತಿದ್ದಳು. ದಿಂಬು ಎದೆಗೆ, ತೋಳು ಅದರ ಮೇಲೆ, ಹೆಗಲು ಸಡಿಲ.

"ಅಜ್ಜಿ, ಹಾಗೇ ಇರಿ! ಅಲ್ಲಾಡ್ಬೇಡಿ. ಹಾಗೇ ಹಿಡ್ಕೊಂಡು ಮಗ್ಗುಲಾಗಿ."

"ಎಂತದು?"

"ಎರಡೂ ಬಿಡೋದು ಬೇಡ. ತಲೆ ಕೆಳಗೆ ನಿಮ್ಮ ದಿಂಬು ಒಂದೇ. ಕಿವಿಯಿಂದ ಹೆಗಲಿನವರೆಗಿನ ಜಾಗ ತುಂಬೋ ಅಷ್ಟು ಎತ್ತರ, ಅಷ್ಟೇ. ಕುತ್ತಿಗೆ ಬೆನ್ನಿನ ಗೆರೆಯಲ್ಲೇ ನೇರ ಇರ್ಬೇಕು. ಇನ್ನೊಂದನ್ನ ಈಗ ಹಿಡ್ಕೊಂಡಿದೀರಲ್ಲ, ಹೀಗೇ ತಬ್ಕೊಂಡು ಮಲಗಿ. ಮೇಲಿನ ಕೈಗೆ ಆಧಾರ ಸಿಗ್ತದೆ, ಕೈಯ ಭಾರ ಕುತ್ತಿಗೇನ ಎಳೆಯೋದಿಲ್ಲ. ಇದು ನಾನು ಎಷ್ಟೋ ಪೇಷಂಟಿಗೆ ಹೇಳ್ತೀನಿ. ಹತ್ತಿಯವನಿಗೆ ನಿಮ್ಮ ದಿಂಬು ಕೊಡಿ, ಎತ್ತರ ಸರಿ ಮಾಡ್ಲಿ."

ಸುಗುಣಕ್ಕ ದಿಂಬನ್ನು ನೋಡಿದಳು, ಹುಡುಗಿಯನ್ನು ನೋಡಿದಳು. ಮುಖ ಕೆಂಪಾಯಿತು. ಹೌದು, ಈ ವಯಸ್ಸಿನಲ್ಲೇ.

"ತಬ್ಕೊಂಡಾ?"

"ಹೌದು ಅಜ್ಜಿ."

"ಇದು ನಿಮ್ಮ ಓದಿನಲ್ಲೇ ಉಂಟಾ, ಅಲ್ಲ ನಂಗೆ ಅಂತ ಈಗ ಹುಟ್ಟಿಸಿದ್ದಾ?"

"ಓದಿನಲ್ಲೇ ಇದೆ, ಪ್ರಾಮಿಸ್."

"ಹಾಗಾದ್ರೆ ಸರಿ. ವೈದ್ಯದ ಪ್ರಕಾರ ಮಾಡುದು. ಯಾರೂ ನಗುವ ಹಾಗಿಲ್ಲ. ವಂದನಾ, ನೀನಂತೂ ನಗುವ ಹಾಗೇ ಇಲ್ಲ."

"ನಾ ಎಲ್ಲಿ ನಕ್ಕೇನ್ರೀ?" ಎಂದ ವಂದನಾ ಅಳುತ್ತಲೇ ನಗುತ್ತಿದ್ದಳು.

ಸುಗುಣಕ್ಕ ಕಿಟಕಿಗೆ ಹೋಗಿ ತನ್ನ ದಿಂಬನ್ನು ಕೆಳಗೆ ಎಸೆದಳು. "ಇದನ್ನು ಬಡಿ ಬಾಬಾ, ಚೆನ್ನಾಗಿ ಬಡಿ," ಎಂದು ತನ್ನ ಹರಕು ಬಂಗಾಳಿಯಲ್ಲಿ ಕೂಗಿದಳು. ಟೊಂಯ್ ಟೊಂಯ್ ಸದ್ದಿಗೆ ಗಲ್ಲಿಯ ಮೇಲೆಲ್ಲ ಹತ್ತಿಯ ಎಳೆಗಳು ಹಾರಿದವು. ಲೇಕ್ ಮಾರ್ಕೆಟ್ಟಿಗೆ ಹಿಮವೇ ಬಿತ್ತು ಎಂದು ಅವಳು ಇವತ್ತಿಗೂ ಹೇಳುತ್ತಾಳೆ. ಅದೂ ಅರ್ಧ ಸುಳ್ಳು.

ಈಗ ಸುಗುಣಕ್ಕ ರಸ್ತೆ ದಾಟುವಾಗ ಎರಡೂ ಕಡೆ ನೋಡುತ್ತಾಳೆ. ಕುತ್ತಿಗೆ ಗೂಬೆಯಷ್ಟು ತಿರುಗುವುದಿಲ್ಲ, ಚಳಿ ಹೆಚ್ಚಾದ ದಿನ ಸ್ವಲ್ಪ ಮುನಿಸಿಕೊಳ್ಳುತ್ತದೆ. ಆದರೆ ಕೋಣೆ ಬಿಡುವ ಮಾತಿಲ್ಲ. ಗ್ರೈಂಡರಿನ ಕಲ್ಲನ್ನು ಸಂಜೆ ಬಂದವರೇ ಎತ್ತಿ ಕೊಡುತ್ತಾರೆ, ಎತ್ತಿದವರು ಒಂದು ಗಳಿಗೆ ಕೂತು ಮಾತಾಡಿಯೇ ಹೋಗುತ್ತಾರೆ.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಒಂದು ಕುತ್ತಿಗೆ ನೋಯುತ್ತಿರಬಹುದು. ಸಿಕ್ಕಿದವರ ಕೈಗೆ ಕೊಟ್ಟು ತಿರುಚಿಸಬೇಡಿ. ಬಿದ್ದು ಪೆಟ್ಟಾಗಿದ್ದರೆ, ಜ್ವರವಿದ್ದರೆ, ಕೈ ಜೋಮು ಹಿಡಿದರೆ, ಹಿಡಿದದ್ದು ಕೈಜಾರಿದರೆ, ನಡೆ ತಪ್ಪಿದರೆ, ಮೈ ಸುಮ್ಮನೆ ಬಡವಾದರೆ ಕಾಯದೆ ಡಾಕ್ಟರ ಹತ್ತಿರ ಓಡಿ. ಇಲ್ಲದಿದ್ದರೂ ಒಮ್ಮೆ ತೋರಿಸಿ, ಕಲಿತ ಫಿಸಿಯೋಥೆರಪಿಯವರ ಕೈಗೆ ತಲೆ ಕೊಡಿ. ಅವರು ಹೇಳಿಕೊಟ್ಟ ವ್ಯಾಯಾಮ ದಿನಾ ಮಾಡಿ. ಎಷ್ಟು ದಿಂಬು ಎಂದು ಕೇಳಿದರೆ ನಿಜ ಹೇಳಿ. ಮತ್ತೆ, ಒಂಟಿಯಾಗಿರುವ ನಿಮ್ಮ ನೆರೆಯವರು ಕೂಟಕ್ಕೆ ಬರದಿದ್ದರೆ, ಯಾಕೆ ಎಂದು ಬಾಗಿಲು ತಟ್ಟಿ ಕೇಳಿ.

ಇನ್ನೊಂದು ಉಳಿಯಿತು. ಧುನುರಿ ದಿಂಬು ಸರಿ ಮಾಡಿಕೊಟ್ಟ ಆ ದಿನ, ಸುಗುಣಕ್ಕ ಹಿಟ್ಟು ಮುಚ್ಚಿಟ್ಟು, ದೀಪ ಆರಿಸಿ ಮಲಗಿದಳು. ಬಹಳ ಕಾಲದ ಮೇಲೆ ಬಲ ಮಗ್ಗುಲಿಗೆ ತಿರುಗಿದಳು. ಕುತ್ತಿಗೆ ನೋಯಲಿಲ್ಲ. ಎರಡನೇ ದಿಂಬನ್ನು ಹತ್ತಿರ ಎಳೆದುಕೊಂಡಳು. ಎದ್ದು ಹೋಗಿ ಇನ್ನೊಮ್ಮೆ ಉಪ್ಪು ಹಾಕಲಿಲ್ಲ. ಮಾರನೇ ದಿನ ಯಾರೂ ನೂನ್ ಬೇಶಿ ಎನ್ನಲಿಲ್ಲ. ಯಾಕೆಂದರೆ ನಿದ್ದೆ ಬರುವ ಮೊದಲು ಅವಳು ಆ ದಿಂಬಿಗೆ ಒಂದು ಮಾತು ಹೇಳಿದ್ದಳು. ಸಣ್ಣ ಮಾತು, ಹಳೇ ಮಾತು.

ಏನು ಹೇಳಿದಳು? ಊಹಿಸಿ ನೋಡೋಣ.